ಸುಖ ಎಂದು ಬರೆದ ಮಂಗಳವಾರಗಳು

ನನ್ನ ತಾಯಿಗೆ ಒಂದು ಹಠವಿತ್ತು. ಮನೆಗೆ ನೆಂಟರು ಬರುತ್ತಾರೆಂದರೆ ಅಂಗಳದಲ್ಲಿ ಒಂದು ಎಲೆ ಕೂಡ ಬಿದ್ದಿರಬಾರದು. ಬೆಳಿಗ್ಗೆ ಗುಡಿಸಿದ್ದನ್ನು ಮಧ್ಯಾಹ್ನ ಮತ್ತೆ ಗುಡಿಸುತ್ತಿದ್ದಳು. ದಾಸವಾಳದ ಗಿಡದಲ್ಲಿ ಹಣ್ಣಾದ ಎಲೆ ಕಂಡರೆ ಅದು ತಾನಾಗಿ ಉದುರುವವರೆಗೂ ಕಾಯುತ್ತಿರಲಿಲ್ಲ, ಚಿವುಟಿ ತೆಗೆಯುತ್ತಿದ್ದಳು. ಆ ಹಠ ನನಗೂ ಬಂತು. ಅದು ಒಳ್ಳೆಯ ಗುಣವೆಂದೇ ಅರುವತ್ತು ವರ್ಷ ತಿಳಿದುಕೊಂಡಿದ್ದೆ. ಆ ಗುಣ ಹಿಡಿದು ಹೋಗಿ ಒಂದು ತೋಟಕ್ಕೆ ಕೇಡು ಮಾಡಿದೆ. ಅದನ್ನು ಮುಚ್ಚಲು ಹೋಗಿ ಒಬ್ಬ ಹೆಂಗಸಿನ ಮರ್ಯಾದೆ ತೆಗೆದೆ. ಈ ಎರಡನ್ನೂ ಬರೆದಿಡಬೇಕೆಂದು ಬಹಳ ದಿನದಿಂದ ಯೋಚಿಸುತ್ತಿದ್ದೆ. ತಪ್ಪು ಹೇಳಿಕೊಳ್ಳುವುದಕ್ಕಿಂತಲೂ ಹೆಚ್ಚಾಗಿ, ಆಮೇಲೂ ನನ್ನನ್ನು ತಮ್ಮ ಜತೆ ಇಟ್ಟುಕೊಂಡ ಇಬ್ಬರ ಉಪಕಾರವನ್ನು ಹೇಳುವುದಕ್ಕೆ.

ಒಬ್ಬರು ಮಾಷ್ಟ್ರು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಕಾರಡ್ಕದಿಂದ ಆಚೆಗೆ, ಮುಳಿಹುಲ್ಲು ಬಿಟ್ಟರೆ ಬೇರೇನೂ ಬೆಳೆಯದ ಒಂದು ಮುರಕಲ್ಲಿನ ಗುಡ್ಡ ತೆಗೆದುಕೊಂಡು, ಹೊಂಡ ತೋಡಿಸಿ, ಬೇರೆ ಕಡೆಯಿಂದ ಮಣ್ಣು ತುಂಬಿಸಿ ಮರ ನೆಟ್ಟರು. ಬಕ್ಕೆ ಹಲಸು, ತುಳುವ ಹಲಸು, ಕಾಟುಮಾವು, ಪುನರ್ಪುಳಿ, ಜಾಯಿಕಾಯಿ, ದ್ವೀಪದ ಕಡೆಯ ಗಿಡ್ಡ ತೆಂಗು, ಹೆಸರು ಹೇಳಲು ನನ್ನ ನಾಲಗೆ ಹೊರಳದ ಹೊರದೇಶದ ಮರಗಳು. ನೂರಕ್ಕೆ ಮಿಕ್ಕಿ ಬಗೆ. ಪ್ರತಿಯೊಂದಕ್ಕೂ ತಂತಿಯಲ್ಲಿ ಕಟ್ಟಿದ ಒಂದು ನಂಬರಿನ ತಗಡು. ಇನ್ನೊಬ್ಬಳು ಆ ತೋಟದಲ್ಲಿ ಗುಡಿಸುವ ಕೆಲಸಕ್ಕಿದ್ದವಳು. ಗುಡ್ಡದ ಬುಡದಲ್ಲೇ ಅವಳ ಮನೆ, ಮನೆ ಸುತ್ತ ಐದು ತೆಂಗಿನ ಮರ. ನನಗಿಂತ ಚಿಕ್ಕವಳಾದರೂ ಊರಿನವರೆಲ್ಲ ಅವಳನ್ನು ಅಕ್ಕ ಎನ್ನುತ್ತಿದ್ದರು. ನಾನೊಬ್ಬ ಎನ್ನುತ್ತಿರಲಿಲ್ಲ. ನಾನು ಹತ್ತನೇ ತರಗತಿ ಪಾಸಾದವನು, ತೋಟದ ರೈಟರು, ಪುಸ್ತಕ ನನ್ನ ಕೈಯಲ್ಲಿ ಎಂಬ ಜಂಬ.

ಆ ಪುಸ್ತಕವೇ ತೋಟದ ಮುಖ್ಯ ಕೆಲಸ. ಪ್ರತಿ ಮಂಗಳವಾರ ನಾನು ಒಂದೊಂದು ಮರದ ಬುಡಕ್ಕೂ ಹೋಗಿ ಎಲೆಯ ಮೇಲೆ, ಎಲೆಯ ಅಡಿ, ಕಾಂಡ, ಬುಡ ಎಲ್ಲ ನೋಡಿ, ಹೊಸತೇನಾದರೂ ಕಂಡರೆ ನಂಬರಿನ ಎದುರು ಬರೆಯಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದು ನನಗೆ ಹುಚ್ಚಾಟದ ಹಾಗೆ ಕಂಡಿತ್ತು.

"ಫಸಲು ಎಷ್ಟೂಂತ ಬರೆಯುವುದು ಬಿಟ್ಟು ಎಲೆಯ ಅಡಿ ನೋಡಿ ಎಂತ ಸಿಗ್ತದೆ ಮಾಷ್ಟ್ರೇ?" ಎಂದು ಕೇಳಿದ್ದೆ.

"ಬಸ್ಸು ನಿಲ್ಲುವಲ್ಲಿ ಕಟ್ಟೆಯ ಮೇಲೆ ಮೂರು ಹೊತ್ತು ಕೂತಿರ್ತಾರಲ್ಲ ನಾಲ್ಕು ಜನ, ಅವರಿಂದ ಊರಿಗೆ ಎಂತ ಉಪಕಾರ?"

"ಎಂತ ಉಪಕಾರ? ಬಸ್ಸಿಂದ ಯಾರು ಇಳಿದ್ರು ನೋಡುವುದು, ಅಷ್ಟೇ."

"ಅದೇ ಮಾರಾಯ. ಹೊಸಬ ಇಳಿದರೆ ಮೊದಲು ಗೊತ್ತಾಗುವುದು ಅವರಿಗೆ. ಹಳಬರ ಮುಖ ದಿನಾ ನೋಡಿದವನಿಗೇ ಹೊಸಬ ಕಾಣುವುದು. ಸಾವಿರ ಅಡಿಕೆಮರದ ತೋಟದಲ್ಲಿ ಒಂದು ಎಲೆ ಹಳದಿಯಾದರೆ ಯಾರು ನೋಡ್ತಾರೆ? ಇಲ್ಲಿ ಒಂದೊಂದು ಮರವೂ ಕಳೆದ ವಾರ ಹೇಗಿತ್ತೂಂತ ನಿನಗೆ ಗೊತ್ತುಂಟು. ಹೊಸ ಹುಳವೋ ರೋಗವೋ ಈ ಕಡೆಗೆ ಬಂದರೆ ಮೊದಲು ಕಾಣುವುದು ಇಂಥ ಕಡೆಯಲ್ಲಿ."

ಮತ್ತೊಂದು ಮಾತನ್ನೂ ಅವರು ಹೇಳಿದ್ದರು. ನಮ್ಮ ಹಲಸು, ನಮ್ಮ ಮಾವು ದೂರದೂರದ ದೇಶಗಳ ಇಂಥದೇ ತೋಟಗಳಲ್ಲಿ ನಿಂತಿವೆ. ಅಲ್ಲಿಯ ಹುಳವೊಂದು ನಮ್ಮ ಮರವನ್ನು ಹಿಡಿದರೆ ಅಲ್ಲಿಯವರು ಬರೆದು ತಿಳಿಸುತ್ತಾರೆ. ಆ ಹುಳ ಹಡಗು ಹತ್ತುವ ಮೊದಲೇ ಅದರ ಮುಖ ನಮಗೆ ಗೊತ್ತಿರುತ್ತದೆ. ಅವರ ಮರ ನಮ್ಮಲ್ಲಿದೆ. ಅದಕ್ಕೇನಾದರೂ ಆದರೆ ನಾವು ಹೇಳಬೇಕು.

"ಕೊಟ್ಟ ಮನೆಯಿಂದ ಮಗಳು ಸುದ್ದಿ ಕಳಿಸಿದ ಹಾಗೆ" ಎಂದೆ ನಾನು.

"ಹಾಗೇ. ಅಳಿಯ ಎಂಥವನೂಂತ ಮಗಳೇ ಹೇಳ್ಬೇಕು" ಎಂದು ಅವರು ನಕ್ಕರು.

ಇಷ್ಟನ್ನೆಲ್ಲ ಕೇಳಿ ತಿಳಿದುಕೊಂಡವನೇ ನಾನು. ತಿಳಿಯದೆ ಮಾಡಿದೆ ಎನ್ನುವ ಹಾಗಿಲ್ಲ.

ಪುಸ್ತಕದಲ್ಲಿ ಏನೂ ವಿಶೇಷವಿಲ್ಲದ ಮರದ ಎದುರು ನಾನು 'ಸುಖ' ಎಂದು ಬರೆಯುತ್ತಿದ್ದೆ. ಗಲ್ಫಿಗೆ ಕಾಗದ ಬರೆದ ಹಾಗುಂಟಲ್ಲ ಮಾರಾಯ ಎಂದು ಮಾಷ್ಟ್ರು ತಮಾಷೆ ಮಾಡಿದರೂ ಬೇಡ ಎನ್ನಲಿಲ್ಲ. ಮೊದಮೊದಲು ಆ ಮಾತು ನಿಜವೇ ಆಗಿತ್ತು. ಕ್ರಮೇಣ ನನ್ನ ತಾಯಿಯ ಹಠ ನನ್ನೊಳಗೆ ಎದ್ದಿತು. ತೋಟ ನೋಡಲು ಕಾಲೇಜಿನ ಮಕ್ಕಳು ಬರುತ್ತಿದ್ದರು, ಸರಕಾರದ ಕೃಷಿಭವನದವರು ಬರುತ್ತಿದ್ದರು. ಚುಕ್ಕೆ ಬಿದ್ದ ಎಲೆ, ತೂತಾದ ಎಲೆ, ಬಾಡಿದ ರೆಂಬೆ ಅವರ ಕಣ್ಣಿಗೆ ಬಿದ್ದರೆ ನನ್ನ ಅಂಗಳದಲ್ಲಿ ಕಸ ಬಿದ್ದಷ್ಟೇ ನಾಚಿಕೆ. ಹಾಗಾಗಿ ಸೋಮವಾರವೇ ತೋಟಕ್ಕೆ ಒಂದು ಸುತ್ತು ಬಂದು ಅಂಥದನ್ನೆಲ್ಲ ಕಿತ್ತು, ಕಡಿದು, ಸುಡಿಸಿ, ಮಂಗಳವಾರ ಬೆಳಿಗ್ಗೆ ಸುಖ ಎಂದು ಬರೆಯತೊಡಗಿದೆ. ನೋಡದೇ ಇದ್ದದ್ದು ನನ್ನ ತಪ್ಪಲ್ಲ. ಚೆನ್ನಾಗಿಯೇ ನೋಡುತ್ತಿದ್ದೆ. ನೋಡಿದ್ದನ್ನು ಬೇರೆಯವರು ನೋಡದ ಹಾಗೆ ಮಾಡುತ್ತಿದ್ದೆ.

ಕೆಲವು ವರ್ಷಗಳ ಹಿಂದಿನ ಮಾತು. ಧನು ತಿಂಗಳಲ್ಲಿ ಮಾಷ್ಟ್ರಿಗೆ ಕಣ್ಣಿನ ಪೊರೆ ತೆಗೆಸಿದರು. ಮೊದಲು ಒಂದು ಕಣ್ಣು, ಸ್ವಲ್ಪ ದಿನ ಕಳೆದು ಇನ್ನೊಂದು. ಅಲ್ಲಿಯವರೆಗೆ ಅವರು ಮಂಗಳೂರಿನಲ್ಲಿ ತಮ್ಮನ ಮನೆಯಲ್ಲಿ ಇರಬೇಕಾಯಿತು. ಹೋಗುವಾಗ ನನ್ನ ಭುಜ ತಟ್ಟಿ, "ಇಷ್ಟು ದಿನ ನಿನ್ನ ಕಣ್ಣೇ ನನ್ನ ಕಣ್ಣು" ಎಂದರು. ಈಗಲೂ ಆ ಮಾತು ನೆನಪಾದರೆ ನಾನು ಮಾಡುತ್ತಿದ್ದ ಕೆಲಸ ನಿಲ್ಲಿಸಿ ಕೂರುತ್ತೇನೆ.

ಅವರು ಹೋದ ಎರಡನೆಯ ವಾರ ಆ ಹೆಂಗಸು ಕೈಯಲ್ಲಿ ಗುಡಿಸುವ ಹಿಡಿಸೂಡಿ ಹಿಡಿದುಕೊಂಡೇ ಬಂದು ನನ್ನನ್ನು ಕರೆದಳು. ಹದಿನೇಳನೇ ನಂಬರಿನ ಗಿಡ್ಡ ತೆಂಗು. ಕೆಳಗಿನ ಮಡಲನ್ನು, ಎಂದರೆ ಇಡೀ ಗರಿಯನ್ನು, ಅವಳು ಮಗುಚಿ ತೋರಿಸಿದಳು. ಅಡಿಯಲ್ಲಿ ಬೆಳ್ಳಗೆ ಸುತ್ತುಸುತ್ತಾಗಿ ಏನೋ ಇತ್ತು. ಸುತ್ತಿನ ನಡುವೆ ಹಿಟ್ಟು ಉದುರಿಸಿದಂತೆ ಸಣ್ಣ ಬಿಳಿ ನೊಣಗಳು.

"ವೀಳ್ಯದೆಲೆಗೆ ಸುಣ್ಣ ಹಚ್ಚಿದ ಬೆರಳಲ್ಲಿ ಯಾರೋ ಸುತ್ತು ಹಾಕಿದ ಹಾಗೆ ಉಂಟಲ್ಲ ರೈಟ್ರೇ. ನಾನು ಇಷ್ಟು ವರ್ಷದಲ್ಲಿ ಇಂಥದ್ದು ನೋಡಿದ್ದಿಲ್ಲ."

ನಾನೂ ನೋಡಿರಲಿಲ್ಲ. ಆದರೆ ಮರುದಿನ ಕಾಲೇಜಿನವರು ಬರುವುದಿತ್ತು.

"ಎಂತದೋ ಧೂಳು. ಆ ಮಡಲು ಕಡಿದು ಸುಟ್ಟುಬಿಡು."

"ಮಾಷ್ಟ್ರಿಗೆ ಒಂದು ಫೋನು ಮಾಡುವುದು ಬೇಡವಾ?"

"ಮಾಷ್ಟ್ರು ಕಣ್ಣಿಗೆ ಬಟ್ಟೆ ಕಟ್ಟಿ ಕೂತಿದ್ದಾರೆ. ನಿನ್ನ ಸುಣ್ಣದ ಸುತ್ತು ನೋಡ್ಲಿಕ್ಕಾ?"

"ಅವರಿಗೆ ಕಣ್ಣಿಗಲ್ಲವಾ ಬಟ್ಟೆ ಕಟ್ಟಿದ್ದು, ಕಿವಿಗೂ ಕಟ್ಟಿದ್ದಾರಾ?" ಎಂದಳು.

ನನಗೆ ಸಿಟ್ಟು ಬಂತು. ನಿನಗೆ ಹೇಳಿದ ಕೆಲಸ ಮಾಡು ಎಂದೆ. ಅವಳು ಮಡಲು ಕಡಿದಳು. ನಾನು ಪುಸ್ತಕದಲ್ಲಿ ಹದಿನೇಳರ ಎದುರು ಸುಖ ಎಂದು ಬರೆದೆ.

ಮುಂದಿನ ವಾರ ಮೂರು ಮರದಲ್ಲಿ ಸುತ್ತು ಕಂಡಿತು, ಅದರ ಮುಂದಿನ ವಾರ ಎಲ್ಲ ತೆಂಗುಗಳಲ್ಲೂ. ಕಡಿಸಿದೆ, ಕಡಿಸಿದೆ. ಕಡಿದು ಮುಗಿಯದಾಗ ಅಂಗಡಿಯಿಂದ ಕೀಟದ ಮದ್ದು ತಂದು ನಾನೇ ಹೊಡೆದೆ. ನೊಣ ಸತ್ತವು, ಹತ್ತು ದಿನದಲ್ಲಿ ಮತ್ತೆ ಬಂದವು. ಪುಸ್ತಕದಲ್ಲಿ ಮಾತ್ರ ಸುಖ.

ಕುಂಭ ತಿಂಗಳಲ್ಲಿ ಮಾಷ್ಟ್ರು ಬಂದರು. ಪೊರೆ ತೆಗೆದ ಕಣ್ಣು. ಎಲ್ಲವನ್ನೂ ಹೊಸದಾಗಿ ನೋಡುವ ಉತ್ಸಾಹ. ತೋಟದ ಬಾಗಿಲು ದಾಟಿ ಹತ್ತು ಹೆಜ್ಜೆ ಇಟ್ಟಿರಲಿಲ್ಲ, ತೆಂಗಿನ ಅಡಿಯಲ್ಲಿದ್ದ ಬಾಳೆಯ ಮುಂದೆ ನಿಂತರು. ಎಲೆಯ ಮೇಲೆ ಹೆಬ್ಬೆರಳು ಉಜ್ಜಿದರು. ಬೆರಳು ಬಾಣಲೆಯ ತಳ ಮುಟ್ಟಿದಂತೆ ಕಪ್ಪಾಯಿತು. ತಲೆಯೆತ್ತಿ ಮೇಲಿನ ಮಡಲು ನೋಡಿದರು. ಜೋಳಿಗೆಯಿಂದ ಭೂತಗನ್ನಡಿ ತೆಗೆದು ಬಹಳ ಹೊತ್ತು ನೋಡಿದರು.

"ಇದು ಬಿಳಿನೊಣ. ಸುತ್ತುಸುತ್ತಾಗಿ ಮೊಟ್ಟೆ ಇಡುವ ಜಾತಿ, ಹೊರಗಿಂದ ಬಂದದ್ದು. ಇದು ರಸ ಹೀರಿ ಅಂಟು ಸುರಿಸ್ತದೆ, ಅಂಟಿನ ಮೇಲೆ ಈ ಮಸಿ ಬೆಳೀತದೆ. ಇಷ್ಟು ಮಸಿ ಕೂತ್ಕೊಳ್ಬೇಕಾದರೆ ಬಂದು ಎರಡು ತಿಂಗಳಾದರೂ ಆಗಿದೆ. ಪುಸ್ತಕ ತಾ."

ತಂದುಕೊಟ್ಟೆ. ಅವರು ಹದಿನೇಳರ ಸಾಲಿನ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದರು. ಸುಖ, ಸುಖ, ಸುಖ, ಸುಖ.

"ಎಲ್ಲ ಸುಖವಾದರೆ ಈ ಮಸಿ ಎಲ್ಲಿಂದ ಬಂತು ಮಾರಾಯ?"

ಆ ಹೆಂಗಸು ನಾಲ್ಕು ಮಾರು ಆಚೆ ಬುಟ್ಟಿಗೆ ಕಸ ತುಂಬುತ್ತಿದ್ದಳು. ನಾನು ಅವಳ ಕಡೆ ಕೈ ತೋರಿಸಿದೆ. "ಕೆಳಗಿನ ಮಡಲು ಕಡಿಯುವುದು, ಗುಡಿಸುವುದು ಎಲ್ಲ ಅವಳು. ಕಂಡದ್ದನ್ನು ನನಗೆ ಹೇಳ್ಲೇ ಇಲ್ಲ ಮಾಷ್ಟ್ರೇ."

ಅವಳು ಬೆನ್ನು ನೇರ ಮಾಡಿ ನನ್ನನ್ನು ನೋಡಿದಳು. ಮಾಷ್ಟ್ರು ಬಯ್ಯಲಿಲ್ಲ. "ಹೇಳ್ಬೇಕಿತ್ತಲ್ಲ ಅಕ್ಕ. ಆವಾಗಲೇ ಗೊತ್ತಾಗಿದ್ದರೆ ಸುತ್ತಿನವರಿಗೆಲ್ಲ ತಿಳಿಸ್ಬಹುದಿತ್ತು" ಎಂದರು, ಅಷ್ಟೇ. ಅವಳು ಹಿಡಿಸೂಡಿಯನ್ನು ಗೋಡೆಗೆ ಒರಗಿಸಿಟ್ಟು, ಬುಟ್ಟಿಯನ್ನು ಮಗುಚಿ ಇಟ್ಟು, ಗುಡ್ಡ ಇಳಿದು ಹೋದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಅಕ್ಕ ಮಡಲು ಕಡಿದು ಹುಳವನ್ನು ಅಡಗಿಸಿದಳಂತೆ ಎಂಬ ಮಾತು ನಾಲ್ಕು ದಿನದಲ್ಲಿ ಊರಿಡೀ ಹಬ್ಬಿತು. ಹಬ್ಬಿಸಿದ್ದು ನಾನಲ್ಲ. ಆದರೆ ಹಾಲು ಸೊಸೈಟಿಯಲ್ಲಿ ಯಾರೋ ಕೇಳಿದಾಗ ಇಲ್ಲ ಎನ್ನಲೂ ಇಲ್ಲ. ಗುಡ್ಡದ ಸುತ್ತ ಒಂದೊಂದೇ ಹಿತ್ತಲಿನ ತೆಂಗು, ಬಾಳೆ, ಪೇರಳೆ ಕಪ್ಪಾಗುತ್ತಿದ್ದವು. ಜನ ಅವಳ ಹೆಸರು ಹೇಳಿ ಬಯ್ಯುತ್ತಿದ್ದರು. ನಾನು ಹಾಲು ಅಳೆಸಿ ಮನೆಗೆ ಬರುತ್ತಿದ್ದೆ.

ಮಾಷ್ಟ್ರು ಕೃಷಿಭವನಕ್ಕೆ ತಿಳಿಸಿದರು. ಸುತ್ತಿನ ಮನೆಗಳಿಗೆ ತಾವೇ ಹೋಗಿ, ವಿಷ ಹೊಡೆಯಬೇಡಿ, ಗಂಜಿಯ ತಿಳಿ ಚಿಮುಕಿಸಿ, ಒಣಗಿದಾಗ ಮಸಿ ಹಪ್ಪಳದ ಹಾಗೆ ಎದ್ದು ಬರುತ್ತದೆ ಎಂದು ಹೇಳಿಕೊಟ್ಟರು. ನನ್ನನ್ನು ಕರೆದು ಹೇಳಿದರು: "ಈ ನೊಣಕ್ಕೆ ಒಂದು ಶತ್ರು ಉಂಟು. ಕಣ್ಣಿಗೆ ಕಾಣದಷ್ಟು ಸಣ್ಣ ಕಣಜ. ನೊಣದ ಮರಿಯ ಒಳಗೆ ಮೊಟ್ಟೆ ಇಡ್ತದೆ. ಆಗ ಬಿಳಿ ಮರಿ ಎಳ್ಳಿನ ಹಾಗೆ ಕಪ್ಪಾಗ್ತದೆ. ನೊಣ ಬಂದಲ್ಲಿ ಅದೂ ಹಿಂದಿನಿಂದ ಬರುವುದುಂಟು. ನಮ್ಮ ತೋಟದಲ್ಲಿ ಹುಡುಕಿದೆ, ಒಂದೂ ಇಲ್ಲ. ಯಾಕೆಂತ ಗೊತ್ತಾಗುವುದಿಲ್ಲ. ಮದ್ದು ಹೊಡೆಯದ ಮರ ಎಲ್ಲಿಯಾದರೂ ಇದ್ದರೆ ನೋಡು. ಅಲ್ಲಿಯ ಗರಿ ತಂದು ನಮ್ಮ ಮರಕ್ಕೆ ಚುಚ್ಚಿದರೆ ಕಣಜ ಇಲ್ಲಿಗೂ ಬರ್ತದೆ."

ಯಾಕೆಂದು ನನಗೆ ಗೊತ್ತಿತ್ತು. ನೊಣದ ಜತೆ ಅದರ ಶತ್ರುವನ್ನೂ ನಾನೇ ಕೊಂದಿದ್ದೆ. ಆಗಲೂ ಬಾಯಿ ಬಿಡಲಿಲ್ಲ. ಭೂತಗನ್ನಡಿ ಕಿಸೆಗೆ ಹಾಕಿ ಮೂರು ದಿನ ಹಿತ್ತಲು ಹಿತ್ತಲು ಅಲೆದೆ. ಕೆಲವರು ಮದ್ದು ಹೊಡೆದಿದ್ದರು, ಕೆಲವರ ಮರ ಎತ್ತರ. ಕೊನೆಗೆ ಉಳಿದದ್ದು ಗುಡ್ಡದ ಬುಡದ ಆ ಐದು ಮರ. ಕಾಲು ಆ ಕಡೆ ಹೋಗಲು ಒಪ್ಪಲಿಲ್ಲ. ಆದರೂ ಹೋದೆ.

ಅವಳು ಜಗಲಿಯಲ್ಲಿ ಕೂತು ಗರಿ ಸೀಳಿ ಕಡ್ಡಿ ತೆಗೆಯುತ್ತಿದ್ದಳು. ಹಿಡಿಸೂಡಿ ಕಟ್ಟಿ ಮಾರುವುದು ಅವಳಿಗೆ ಮೊದಲಿನಿಂದಲೂ ಇತ್ತು. ಅಂಗಳದ ಮೂಲೆಯಲ್ಲಿ ಒಣಗಿದ ಮಡಲುಗಳ ರಾಶಿ. ನೋಡಿದ ಕೂಡಲೇ ಅರ್ಥವಾಯಿತು. ನಾನು ಸುಡು ಎಂದ ಮಡಲುಗಳನ್ನು ಅವಳು ಸುಟ್ಟಿರಲಿಲ್ಲ. ಹಸಿ ಮಡಲು ಸುಡುವವರು ನಮ್ಮ ಕಡೆ ಯಾರಿದ್ದಾರೆ? ಕಡ್ಡಿಗಾಗುತ್ತದೆ ಎಂದು ಹೊತ್ತು ತಂದಿದ್ದಳು. ಅವಳ ಐದು ಮರದ ಅಡಿಯೂ ಮಸಿ ಕಪ್ಪು.

"ಬನ್ನಿ ರೈಟ್ರೇ. ಇನ್ನೆಂತ ಕಾಣೆಯಾಗಿದೆ ತೋಟದಲ್ಲಿ? ನಾನೇ ಕದ್ದದ್ದಾಗಿರ್ಬೇಕು."

ಕಣಜದ ವಿಷಯ ಹೇಳಿದೆ. ಅವಳು ಕೈಯ ಕಡ್ಡಿ ಕೆಳಗಿಡದೆ ಕೇಳಿಸಿಕೊಂಡಳು.

"ಎಳ್ಳಿನ ಹಾಗೆ ಕಪ್ಪಾ? ಅದು ನಮ್ಮಲ್ಲಿ ಬೇಕಾದಷ್ಟುಂಟು. ಮೊದಲು ಬರೀ ಬಿಳಿ ಇತ್ತು. ಹದಿನೈದು ದಿನದಿಂದ ಕಪ್ಪಾಗ್ತಾ ಬಂದಿದೆ. ನಾನು ದಿನಾ ನೋಡ್ತೇನೆ."

ಕೆಳಗೆ ಜೋತುಬಿದ್ದ ಒಂದು ಮಡಲು ಮಗುಚಿ ಗಾಜು ಹಿಡಿದೆ. ಬಿಳಿ ಮರಿಗಳ ನಡುವೆ ಎಳ್ಳು ಚೆಲ್ಲಿದ ಹಾಗೆ ಕಪ್ಪು ಕಾಳುಗಳು. ಒಂದೆರಡರ ಬೆನ್ನಲ್ಲಿ ಸೂಜಿಮೊನೆಯಷ್ಟು ತೂತು; ಕಣಜ ಹೊರಗೆ ಹಾರಿದ ಗುರುತು. ಇಡೀ ಊರು ಬಯ್ಯುತ್ತಿದ್ದವಳ ಹಿತ್ತಲಲ್ಲಿ ಊರಿಗೆ ಬೇಕಾದದ್ದು ಬೆಳೆಯುತ್ತಿತ್ತು.

"ಆ ದಿನ ಮಾಷ್ಟ್ರ ಎದುರು ನೀನು ಯಾಕೆ ಸುಮ್ಮನಿದ್ದೆ?" ಎಂದು ಕೇಳಿದೆ.

"ನಾನು ಹೇಳಿದ್ದರೆ ಎಂತ ಆಗ್ತಿತ್ತು? ಪುಸ್ತಕ ಬರೆಯುವವರು ಒಂದು ಹೇಳಿದ ಮೇಲೆ ಹಿಡಿಸೂಡಿಯವಳು ಇನ್ನೊಂದು ಹೇಳಿದರೆ ಯಾರದ್ದು ನಿಜ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. "ಮಡಲು ಬೇಕಾದಷ್ಟು ತಕ್ಕೊಂಡು ಹೋಗಿ. ನಾನು ಬೇಡಾಂತ ಹೇಳುವುದಿಲ್ಲ. ಆದರೆ ಇದು ಎಲ್ಲಿಂದ ತಂದದ್ದೂಂತ ಮಾಷ್ಟ್ರು ಕೇಳಿದರೆ ಎಂತ ಹೇಳ್ತೀರಿ?"

ಎರಡು ಮಡಲು ಹೆಗಲ ಮೇಲೆ ಹೊತ್ತು ಗುಡ್ಡ ಹತ್ತಿದೆ. ಯಾರದೋ ಹಿತ್ತಲಿಂದ ಎಂದರೆ ಮುಗಿಯಿತು, ಮಾಷ್ಟ್ರು ಇನ್ನು ಕೇಳುವವರಲ್ಲ. ಆ ಒಂದು ವಾಕ್ಯವನ್ನು ಬುಡದಿಂದ ತುದಿಯವರೆಗೂ ಬಾಯಲ್ಲಿ ಹೊರಳಿಸಿದೆ. ಮಾಷ್ಟ್ರು ಜಗಲಿಯಲ್ಲಿದ್ದರು. ಗರಿ ನೋಡಿ ಅವರ ಮುಖ ಅರಳಿತು. "ಸಿಕ್ಕಿತಾ! ಯಾರ ಮನೆಯಲ್ಲಿ?"

ಹೇಳಿದೆ. ಯಾರ ಮನೆಯೆಂದು ಮೊದಲು ಹೇಳಿದೆ, ಆಮೇಲೆ ಉಳಿದದ್ದು ತಡೆಯಲಿಲ್ಲ. ಅವಳು ಮೊದಲ ದಿನವೇ ಕರೆದು ತೋರಿಸಿದ್ದು, ಫೋನು ಮಾಡಲು ಹೇಳಿದ್ದು, ನಾನು ಕಡಿಸಿದ್ದು, ಮದ್ದು ಹೊಡೆದದ್ದು, ಅದಕ್ಕೂ ಹಿಂದಿನ ಎಷ್ಟೋ ಸೋಮವಾರಗಳ ಸಂಗತಿ. ಮಡಲನ್ನು ಹೆಗಲಿಂದ ಇಳಿಸಲೂ ಮರೆತಿದ್ದೆ.

ಮಾಷ್ಟ್ರು ಮೊದಲು, "ಮಡಲು ಕೆಳಗಿಡು" ಎಂದರು. ಆಮೇಲೆ, "ಪುಸ್ತಕ ತಾ. ಒಂದು ಅಕ್ಷರವನ್ನೂ ಹೊಡೆದುಹಾಕಬೇಡ. ಪ್ರತಿ ಸುಖದ ಬದಿಯಲ್ಲಿ ಆ ವಾರ ನೀನು ಕಂಡದ್ದು ಎಂತ, ನೆನಪಿದ್ದಷ್ಟು ಬರಿ. ನೆನಪಿಲ್ಲದ್ದಕ್ಕೆ ನೆನಪಿಲ್ಲ ಅಂತ ಬರಿ."

ಅದನ್ನು ಬರೆಯಲು ನನಗೆ ಎರಡು ದಿನ ಬೇಕಾಯಿತು. ಬರೆಯುತ್ತಾ ಹೋದಂತೆ ನನಗೇ ಕಂಡಿತು, ಹದಿನೇಳರಿಂದ ಹೊರಟ ಹುಳ ಯಾವ ವಾರ ಯಾವ ಮರಕ್ಕೆ ದಾಟಿತು, ಯಾವ ಕಡೆ ಇಳಿಯಿತು ಎಂಬ ದಾರಿ. ಅಷ್ಟು ಸ್ಪಷ್ಟವಾದ ದಾರಿ ನನ್ನ ತಲೆಯಲ್ಲಿ ಇದ್ದೂ ಯಾರಿಗೂ ಸಿಕ್ಕಿರಲಿಲ್ಲ.

ಹಾಲು ಸೊಸೈಟಿಯಲ್ಲೂ ಹೇಳಿದೆ. ಬೆಳಿಗ್ಗೆ ಎಲ್ಲರೂ ಸಾಲು ನಿಂತಿರುವಾಗ, ಮಡಲು ಕಡಿಸಿದ್ದು ನಾನು, ಮಾಷ್ಟ್ರಿಗೆ ಫೋನು ಮಾಡಿ ಎಂದು ಅಕ್ಕ ಅಂದೇ ಹೇಳಿದ್ದಳು ಎಂದೆ. ಒಬ್ಬ, "ಇಷ್ಟು ದಿನ ನಿಮ್ಮ ನಾಲಗೆಗೂ ಮಸಿ ಹಿಡಿದಿತ್ತಾ ರೈಟ್ರೇ?" ಎಂದ. ಉಳಿದವರು ನಕ್ಕರು. ನಗಲಿ, ನನಗೆ ಅದು ಸಲ್ಲಬೇಕಾದದ್ದೇ. ಅವಳನ್ನು ಅಕ್ಕ ಎಂದು ನಾನು ಕರೆದದ್ದು ಅದೇ ಮೊದಲು.

ಮಾಷ್ಟ್ರು ತಾವೇ ಗುಡ್ಡ ಇಳಿದು ಹೋಗಿ ಅವಳನ್ನು ಕರೆತಂದರು. ಅಂಗಳದಲ್ಲಿ ಅವಳೇನಂದಳು, ಇವರೇನಂದರು ನನಗೆ ಗೊತ್ತಿಲ್ಲ. ಬಂದವಳು ಮೊದಲು ಮಾಡಿದ್ದು ಮಾಷ್ಟ್ರ ಸ್ಟೇಪ್ಲರ್ ಅನ್ನು ಬದಿಗಿಟ್ಟದ್ದು. ಗರಿಯ ತುಂಡುಗಳನ್ನು ಮರಕ್ಕೆ ಚುಚ್ಚಲು ಅವರು ಅದನ್ನು ತಂದಿದ್ದರು. ಒತ್ತಿದರೆ ಗರಿ ಹರಿಯುತ್ತಿತ್ತು. ಅವಳು ತನ್ನ ಹಿಡಿಸೂಡಿಯಿಂದ ನಾಲ್ಕು ಕಡ್ಡಿ ಎಳೆದು, ಬೆರಳುದ್ದ ಮುರಿದು, ಹಬ್ಬದ ಕಡುಬಿಗೆ ಹಲಸಿನ ಎಲೆಯ ಕೊಟ್ಟೆ ಚುಚ್ಚುವ ಹಾಗೆ ಒಂದೇ ಚುಚ್ಚಿಗೆ ಗರಿಗೆ ಗರಿ ಸೇರಿಸಿದಳು. ಆ ದಿನವಿಡೀ ಅವಳು ಚುಚ್ಚಿದಳು, ನಾನು ಏಣಿ ಹಿಡಿದೆ. ಆಮೇಲೆ ಸುತ್ತಿನ ಹಿತ್ತಲುಗಳಿಗೂ ಹೋದೆವು. ಬಯ್ದವರೇ ಅವಳಿಗೆ ಮಜ್ಜಿಗೆ ತಂದುಕೊಟ್ಟರು.

ಮಳೆಗಾಲ ಬಂದು ಮಸಿ ತೊಳೆದುಹೋಯಿತು. ಕಡಿಮೆಯಾದದ್ದು ಕಣಜದಿಂದ ಎಷ್ಟು, ಮಳೆಯಿಂದ ಎಷ್ಟು ಎಂದು ಹೇಳಲಾಗುವುದಿಲ್ಲ ಎಂದರು ಮಾಷ್ಟ್ರು. ಅವಳ ಮರಕ್ಕೆ ಹುಳ ಹೋದದ್ದು ನನ್ನ ಮಡಲಿನ ಜತೆಯೋ ಗಾಳಿಯಲ್ಲೋ ಎಂದು ಕೇಳಿದ್ದಕ್ಕೂ ಅದೇ ಉತ್ತರ. ನೊಣ ಈಗಲೂ ಇದೆ, ಕಣಜವೂ ಇದೆ. ನನಗೆ ಸಮಾಧಾನವಾಗಲಿ ಎಂದು ಮಾಷ್ಟ್ರು ಒಂದು ಸುಳ್ಳನ್ನೂ ಹೇಳಲಿಲ್ಲ, ಕೆಲಸದಿಂದ ತೆಗೆಯಲೂ ಇಲ್ಲ. ಎರಡಕ್ಕೂ ನಾನು ಋಣಿ.

ಪುಸ್ತಕ ಮಾತ್ರ ಅವಳ ಕೈಗೆ ಹೋಯಿತು. ನಾಲ್ಕನೇ ತರಗತಿಯವರೆಗೆ ಕನ್ನಡ ಶಾಲೆಗೆ ಹೋದವಳು. ಬಟಾಣಿ ಕಾಳಿನಷ್ಟು ದೊಡ್ಡ ಅಕ್ಷರ. ಅವಳ ಮೊದಲ ಬರಹ ಹದಿನೇಳರ ಎದುರು ಈಗಲೂ ಇದೆ: ಬಿಳಿ ಸುತ್ತು ಉಂಟು, ಕಪ್ಪು ಕಾಳು ಉಂಟು, ರೈಟ್ರು ಏಣಿ ಸರಿ ಹಿಡಿಯುವುದಿಲ್ಲ. ಕಳೆದ ವರ್ಷ ಹೊರದೇಶದ ಒಂದು ಅತ್ತಿಮರದ ರೆಂಬೆಯಲ್ಲಿ ಸಾಸಿವೆಯಷ್ಟು ತೂತು, ಅದರ ಕೆಳಗೆ ಒಂದು ಚಿಟಿಕೆ ಮರದ ಹುಡಿ ಅವಳ ಕಣ್ಣಿಗೆ ಬಿತ್ತು. ಅವಳು ಗುಡಿಸಲಿಲ್ಲ. ಹುಡಿಯ ಮೇಲೆ ತೆಂಗಿನ ಗೆರಟೆ ಮುಚ್ಚಿಟ್ಟು ಮಾಷ್ಟ್ರನ್ನು ಕರೆದಳು. ಮರ ಕೊರೆಯುವ ಆ ಹುಳ ಪಕ್ಕದ ಮರಕ್ಕೆ ಹೋಗುವ ಮೊದಲೇ ಆ ರೆಂಬೆ ತೆಗೆಸಿ, ಕೃಷಿಭವನಕ್ಕೆ ತೋರಿಸಿ ಆಯಿತು.

ಈಗ ನನಗೆ ತೋಟದಲ್ಲಿ ಕೆಲಸವಿಲ್ಲ, ವಯಸ್ಸಾಯಿತು. ಆದರೂ ಮಂಗಳವಾರ ಗುಡ್ಡ ಹತ್ತುತ್ತೇನೆ. ಅಕ್ಕನಿಗೆ ಈಚೆಗೆ ಹತ್ತಿರದ್ದು ಸರಿ ಕಾಣುವುದಿಲ್ಲ. ಅವಳು ಮರ ತೋರಿಸುತ್ತಾಳೆ, ನಾನು ಗಾಜು ಹಿಡಿದು ನೋಡುತ್ತೇನೆ. ಪುಸ್ತಕ ಅವಳ ಕಂಕುಳಲ್ಲಿರುತ್ತದೆ.

ಮೊನ್ನೆ ಬಕ್ಕೆ ಹಲಸಿನ ಎಲೆಯಲ್ಲಿ ಒಂದು ಕಂದು ಮಚ್ಚೆ ಕಂಡಿತು. ತಿರುಗಿಸಿ ತಿರುಗಿಸಿ ನೋಡಿದೆ. ಬಿಸಿಲಿನದ್ದೋ, ರೋಗದ್ದೋ, ಹಕ್ಕಿ ಕುಕ್ಕಿದ್ದೋ.

"ಎಂತದು ರೈಟ್ರೇ?"

"ನನಗೆ ಗೊತ್ತಾಗ್ಲಿಲ್ಲ ಅಕ್ಕ."

ಅವಳು ಪುಸ್ತಕ ತೆರೆದು, ಪೆನ್ನು ಸಮೇತ ನನ್ನ ಕಡೆಗೆ ಚಾಚಿದಳು. ಇಷ್ಟು ವರ್ಷದಲ್ಲಿ ಅವಳು ಅದನ್ನು ನನ್ನ ಕೈಗೆ ಕೊಟ್ಟದ್ದು ಅದೇ ಮೊದಲು.

"ಹಾಗೇ ಬರೀರಿ" ಎಂದಳು.

ಎಲೆಯನ್ನು ಮರದಲ್ಲೇ ಬಿಟ್ಟು, ಬರೆದೆ.